ಮಗನ ಸಾಲ ಮತ್ತೆ ಕಟ್ಟಲಾ, ಬೇಡವಾ?

ಡೊಂಬಿವಲಿ ಅಮ್ಮ
ಮಗನಿಗೆ 26. ಎರಡು ವರ್ಷದಿಂದ ಎಂಡಿ, ಅಂದರೆ ಮೆಫೆಡ್ರೋನ್ ಅನ್ನುವ ನಶೆಯ ಪುಡಿ, ತಗೊಳ್ಳುತ್ತಿದ್ದಾನೆ. ಮೂರು ರಾತ್ರಿ ನಿದ್ದೆ ಇಲ್ಲ, ಊಟ ಇಲ್ಲ, ಹಲ್ಲು ಕಡಿಯುವ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ, ಆಮೇಲೆ ಎರಡು ದಿನ ಹೆಣದ ಹಾಗೆ ಮಲಗುತ್ತಾನೆ. ಪರ್ಸನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಿದ್ದೆ, ಅದೂ ಗೊತ್ತಾಗಿದೆ ಅವನಿಗೆ. ಹೋದ ವರ್ಷ ಎರಡು ಬಳೆ ಮಾರಿ ಸಾಲ ಕಟ್ಟಿದೆ. ಈಗ ಮತ್ತೆ 40,000, ಕೊಡದಿದ್ದರೆ ಹೊಡೆಯುತ್ತಾರಂತೆ. ಇವರು ಕುಂದಾಪುರದ ಅಜ್ಜಿ ಮನೆಗೆ ಕಳಿಸೋಣ ಅಂತಾರೆ. ಮಗಳಿಗೆ ಗಂಡು ನೋಡುತ್ತಿದ್ದೇವೆ, ಯಾರ ಹತ್ತಿರವೂ ಬಾಯಿ ಬಿಡುವ ಹಾಗಿಲ್ಲ.

ಮುಲುಂಡ್ ಅಪ್ಪ
ಅಕ್ಕಾ, ನಾನು ಮೂರು ಸಲ ಕಟ್ಟಿದವನು. ತೀರಿಸಿದ ವಾರವೇ ಅವನಿಗೆ ಹೊಸ ಸಾಲ ಸಿಗುತ್ತಿತ್ತು, ಯಾಕೆಂದರೆ ಅಪ್ಪ ಕಟ್ಟುತ್ತಾನೆ ಅಂತ ಮಾರುವವನಿಗೂ ಗೊತ್ತಲ್ವಾ. ಊರಿಗೂ ಕಳಿಸಿ ನೋಡಿದೆ. ಹನ್ನೊಂದು ದಿನ ತೋಟಕ್ಕೆ ನೀರು ಬಿಟ್ಟ, ಹನ್ನೆರಡನೇ ದಿನ ಅತ್ತೆಯ ಮೊಬೈಲ್ ಸಮೇತ ನಾಪತ್ತೆ. ಕೊನೆಗೆ ಪುಣೆಯ ಮುಕ್ತಾಂಗಣಕ್ಕೆ ಹೋದೆವು, ಅನಿತಾ ಮತ್ತು ಅನಿಲ್ ಅವಚಟ್ 1986ರಲ್ಲಿ ಶುರು ಮಾಡಿದ ನಶೆ ಬಿಡಿಸುವ ಕೇಂದ್ರ. ಅಲ್ಲಿ ನಮ್ಮನ್ನೂ ಕೂರಿಸಿ ಮಾತಾಡಿದರು. ನನ್ನ ಹೆಂಡತಿ ಇನ್ನೊಬ್ಬರ ಮುಂದೆ ಅತ್ತದ್ದು ಅದೇ ಮೊದಲು. ಒಂದೇ ಸಲಕ್ಕೆ ಸರಿಹೋಗಲಿಲ್ಲ, ಎಂಟು ತಿಂಗಳಿಗೆ ಜಾರಿದ, ಮತ್ತೆ ಹೋದ. ಯಾರಾದರೂ ಮನೆ ಬಾಗಿಲಿಗೆ ಬಂದು ಹೆದರಿಸಿದರೆ 112ಕ್ಕೆ ಫೋನ್ ಮಾಡಿ, ದುಡ್ಡು ಮಾತ್ರ ಬಿಚ್ಚಬೇಡಿ.

ನಾಲ್ಕು ವರ್ಷ ಆಯಿತು
ನಾನು ಆ ಮಗನ ಜಾಗದಲ್ಲಿದ್ದವನು. ಅಮ್ಮ ಕಾಸು ನಿಲ್ಲಿಸಿದಾಗ ಬಾಯಿಗೆ ಬಂದ ಹಾಗೆ ಬೈದಿದ್ದೆ. ಆದರೆ ರಾತ್ರಿ ಎರಡಕ್ಕೆ ಬಂದರೂ ಗಂಜಿ, ಉಪ್ಪಿನಕಾಯಿ ಮುಚ್ಚಿಟ್ಟಿರುತ್ತಿದ್ದಳು. ಆಂಟಿ, ನಶೆಯಲ್ಲಿದ್ದಾಗ ಬುದ್ಧಿ ಹೇಳಬೇಡಿ, ಏನೂ ತಲೆಗೆ ಹೋಗುವುದಿಲ್ಲ. ಎದ್ದು ಸ್ನಾನ ಮಾಡಿ ಚಹಾ ಕುಡಿಯುವಾಗ ಒಂದೇ ಮಾತು ಕೇಳಿ, ಡಾಕ್ಟರ ಹತ್ತಿರ ಹೋಗೋಣವಾ ಅಂತ. ಇನ್ನೊಂದು, ಆ ಮಲಗುವ ಎರಡು ದಿನ ಇದೆಯಲ್ಲ, ಸಾಯುವ ಯೋಚನೆ ಬರುವುದು ಆಗಲೇ. ಒಬ್ಬನನ್ನೇ ಬಿಟ್ಟು ಹೋಗಬೇಡಿ.

ವಾರ್ಡ್ ಡ್ಯೂಟಿ
ಬ್ರೌನ್ ಶುಗರ್‌ಗೆ, ಅಂದರೆ ಕಲಬೆರಕೆ ಹೆರಾಯಿನ್‌ಗೆ, ಬುಪ್ರೆನಾರ್ಫಿನ್ ಅನ್ನುವ ಬದಲಿ ಮಾತ್ರೆ ಕೊಡುತ್ತಾರೆ, ಎಂಡಿಗೆ ಹಾಗೆ ಬದಲಿ ಮಾತ್ರೆ ಇಲ್ಲ. ನಿದ್ದೆ, ಮನಸ್ಸು, ಹೆದರಿಕೆ ಇವಕ್ಕೆ ಚಿಕಿತ್ಸೆ, ಜೊತೆಗೆ ಕೌನ್ಸೆಲಿಂಗ್. ಹಾಗಾಗಿ ಮನೋವೈದ್ಯರಿಗೇ ತೋರಿಸಿ. ನಶೆ ಬಿಡಿಸಲು ಸರ್ಕಾರದ ಸಹಾಯವಾಣಿ 14446, ಕನ್ನಡದಲ್ಲಿ ಮಾತಾಡಬೇಕಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಎರಡಕ್ಕೂ ದುಡ್ಡಿಲ್ಲ. ಪೊಲೀಸರ ಭಯವೇ? ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಓದಿ. ಸೇವಿಸಿದವನು ತಾನಾಗಿ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ಪಡೆದರೆ ಸೇವನೆಯ ಕೇಸಿನಿಂದ ರಕ್ಷಣೆ ಇದೆ, ಮಾರಾಟದ ಕೇಸಿಗೆ ಅದು ನಡೆಯುವುದಿಲ್ಲ. ರಾತ್ರಿ ವ್ಯಾನ್ ತಂದು ಕೈಕಾಲು ಕಟ್ಟಿ ಒಯ್ಯುವ ಕೇಂದ್ರಗಳ ಸಹವಾಸ ಬೇಡವೇ ಬೇಡ.

ಡೊಂಬಿವಲಿ ಅಮ್ಮ
ದುಡ್ಡು ಕೊಟ್ಟಿಲ್ಲ. ಇವತ್ತು ಎದ್ದು ದೋಸೆ ಕೇಳಿದ. ನಾಲ್ಕನೆಯದು ತಟ್ಟೆಗೆ ಹಾಕುವಾಗ ಕೇಳಿದೆ. ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ, ತಟ್ಟೆ ತೊಳೆದಿಟ್ಟು ಒಳಗೆ ಹೋದ. ಮುಲುಂಡ್ ಅಣ್ಣಾ, ಪುಣೆಗೆ ಹೋಗುವಾಗ ಏನೇನು ಕಾಗದ ಬೇಕಾಗುತ್ತದೆ?