ಮೇಲ್‌ಮ್ಯಾನ್ 2ರಿಂದ 3ಕ್ಕೆ ಹೋಗುವಾಗ ಹಳೆಯ ಪತ್ರಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಮೇಡಂ, ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದ ಮೇಲಿಂಗ್ ಲಿಸ್ಟ್‌ಗಳು (ಒಂದು ವಿಳಾಸಕ್ಕೆ ಕಳಿಸಿದ ಇಮೇಲ್ ಎಲ್ಲ ಸದಸ್ಯರಿಗೂ ಹೋಗುವ ವ್ಯವಸ್ಥೆ) ಇಂದಿಗೂ ಅವನ್ನು ನಡೆಸುವ ತಂತ್ರಾಂಶವಾದ ಮೇಲ್‌ಮ್ಯಾನ್‌ನ 2.1 ಆವೃತ್ತಿಯಲ್ಲಿ ನಡೆಯುತ್ತಿವೆ. ಸರ್ವರ್‌ನಲ್ಲಿರುವುದು ಡೆಬಿಯನ್ 10 ಎಂಬ ಲಿನಕ್ಸ್. ಹೊಸ ಡೆಬಿಯನ್‌ನಲ್ಲಿ ಹುಡುಕಿದರೆ ಆ ಪ್ಯಾಕೇಜೇ ಇಲ್ಲ, ಮೇಲ್‌ಮ್ಯಾನ್ 3 ಮಾತ್ರ ಸಿಗುತ್ತದೆ. ಅದನ್ನು ಹಾಕಿದರೆ ಹಳೆಯ ಲಿಸ್ಟ್‌ಗಳು ತಾವಾಗಿ ಬರುತ್ತವೆಯೇ? 2003ರಿಂದ ಕೂಡಿಟ್ಟ ಪತ್ರಗಳಿವೆ. ಅವು ಹೋದರೆ ಸಂಘದ ಹಿರಿಯರು ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ಉತ್ತರ: ತಾವಾಗಿ ಬರುವುದಿಲ್ಲ. ಮೇಲ್‌ಮ್ಯಾನ್ 2.1 ಅನ್ನು ಬರೆದಿರುವುದು ಪೈಥಾನ್ 2 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಆ ಪೈಥಾನ್‌ಗೆ 2020ರ ಜನವರಿ 1ರಿಂದ ಬೆಂಬಲ ನಿಂತಿತು. ಡೆಬಿಯನ್ 11ರಿಂದ ಹಳೆಯ ಮೇಲ್‌ಮ್ಯಾನ್ ಅನ್ನೂ ಕೈಬಿಟ್ಟರು. 2015ರಲ್ಲಿ ಬಂದ 3ನೇ ಆವೃತ್ತಿಯನ್ನು ಬುಡದಿಂದ ಹೊಸದಾಗಿ ಬರೆದಿದ್ದಾರೆ. ಪತ್ರ ಹಂಚುವ ಕೋರ್ ಒಂದು ಕಡೆ, ನಿರ್ವಹಣೆಯ ಪುಟಗಳಿಗೆ ಪೋಸ್ಟೋರಿಯಸ್, ಪತ್ರಸಂಗ್ರಹಕ್ಕೆ ಹೈಪರ್‌ಕಿಟಿ; ಕೊನೆಯ ಎರಡೂ ಜಾಂಗೋ ಎಂಬ ಪೈಥಾನ್ ವೆಬ್ ಚೌಕಟ್ಟಿನ ಮೇಲೆ ನಿಂತಿವೆ. ಹಾಗಾಗಿ ಇದು ಮನೆ ದುರಸ್ತಿಗಿಂತ ಮನೆ ಬದಲಿಸುವ ಕೆಲಸಕ್ಕೆ ಹತ್ತಿರ. ಹಳೆಯ ಸರ್ವರ್ ಅನ್ನು ಮುಟ್ಟಬೇಡಿ. ಬೇರೊಂದು ಸರ್ವರ್‌ನಲ್ಲಿ 3 ಅನ್ನು ಹಾಕಿ, ಯಾರೂ ಅಷ್ಟಾಗಿ ಬಳಸದ ಒಂದು ಲಿಸ್ಟ್ ಅನ್ನು ಮೊದಲು ಸಾಗಿಸಿ ನೋಡಿ.

ಲಿಸ್ಟ್‌ನ ಸೆಟ್ಟಿಂಗ್‌ಗಳು, ಸದಸ್ಯರು, ಮಾಲೀಕರು ಎಲ್ಲರೂ ಕಾನ್ಫಿಗ್ ಡಾಟ್ ಪಿಸಿಕೆ ಎಂಬ ಕಡತದಲ್ಲಿದ್ದಾರೆ. ಇಂಪೋರ್ಟ್21 ಆದೇಶ ಅದನ್ನು ಓದಿಕೊಳ್ಳುತ್ತದೆ. ಮಾಡರೇಟರ್ ಒಪ್ಪಿಗೆಗೆ ಕಾದಿರುವ ಪತ್ರಗಳು ಮಾತ್ರ ಬರುವುದಿಲ್ಲ, ಮೊದಲೇ ಇತ್ಯರ್ಥ ಮಾಡಿ. ಹಳೆಯ ಪಾಸ್‌ವರ್ಡ್‌ಗಳೂ ಹೊಸ ಜಾಲಪುಟದಲ್ಲಿ ನಡೆಯುವುದಿಲ್ಲ. ಹಳೆಯದು ಅವನ್ನು ಬಯಲಾಗಿ ಇಟ್ಟುಕೊಂಡು ತಿಂಗಳಿಗೊಮ್ಮೆ ಇಮೇಲ್‌ನಲ್ಲೇ ನೆನಪಿಸುತ್ತಿತ್ತಲ್ಲ, ಹೋದದ್ದೇ ಒಳ್ಳೆಯದಾಯಿತು. ಜಾಲಪುಟದಲ್ಲಿ ಏನಾದರೂ ಬದಲಿಸಬೇಕೆನ್ನುವ ಸದಸ್ಯರು ಅದೇ ಇಮೇಲ್ ವಿಳಾಸದಿಂದ ಹೊಸ ಖಾತೆ ತೆರೆಯಬೇಕು. ಪತ್ರ ಪಡೆಯುವುದಕ್ಕೆ ಖಾತೆ ಬೇಕಿಲ್ಲ. ಇದನ್ನು ಮುಂಚಿತವಾಗಿ ತಿಳಿಸಿಬಿಡಿ, ಇಲ್ಲದಿದ್ದರೆ ದೂರವಾಣಿ ಕರೆಗಳಿಗೆ ಉತ್ತರಿಸುವುದೇ ನಿಮ್ಮ ಕೆಲಸವಾಗುತ್ತದೆ.

ಇನ್ನು ಪತ್ರಸಂಗ್ರಹ. ಹಳೆಯ ಪತ್ರಗಳನ್ನೆಲ್ಲ ಒಂದರ ಕೆಳಗೊಂದು ಕೂಡಿಟ್ಟಿರುವ ಎಂಬಾಕ್ಸ್ ಕಡತದಲ್ಲಿ ಪ್ರತಿ ಪತ್ರವೂ 'ಫ್ರಮ್' ಎಂಬ ಪದದ ಸಾಲಿನಿಂದ ಶುರುವಾಗುತ್ತದೆ. ಯಾರಾದರೂ ಇಂಗ್ಲಿಷ್ ಪತ್ರದ ನಡುವೆ ಸಾಲಿನ ಮೊದಲಿಗೆ ಅದೇ ಪದ ಬರೆದಿದ್ದರೆ ಪತ್ರ ಅಲ್ಲಿಗೆ ಎರಡಾಗಿ ಮುರಿಯುತ್ತದೆ. ಇಪ್ಪತ್ತು ವರ್ಷದ ಕಡತದಲ್ಲಿ ಇಂಥವು ಇದ್ದೇ ಇರುತ್ತವೆ. ಹಳೆಯ ಮೇಲ್‌ಮ್ಯಾನ್ ಜೊತೆಗೆ ಬರುವ ಕ್ಲೀನ್‌ಆರ್ಚ್ ಎಂಬ ಉಪಕರಣ ಇವನ್ನು ಸರಿಪಡಿಸುತ್ತದೆ. ಆಮೇಲೆ ಹೈಪರ್‌ಕಿಟಿ ಇಂಪೋರ್ಟ್ ಆದೇಶ ಓಡಿಸಿ, ಹುಡುಕಾಟದ ಸೂಚಿಯನ್ನು ಕಟ್ಟಿಸಿ. ಒಂದು ಎಚ್ಚರಿಕೆ: ಹೊಸ ಲಿಸ್ಟ್‌ಗೆ ನೀವು ಒಂದೇ ಒಂದು ಪರೀಕ್ಷಾ ಪತ್ರ ಕಳಿಸಿದ್ದರೂ ಅದರ ದಿನಾಂಕಕ್ಕಿಂತ ಹಳೆಯದನ್ನೆಲ್ಲ ಇಂಪೋರ್ಟ್ ಮಾಡದೆ ದಾಟಿಹೋಗುತ್ತದೆ. 'ಸಿನ್ಸ್' ಆಯ್ಕೆಯಲ್ಲಿ ಹಳೆಯ ದಿನಾಂಕ ಕೊಟ್ಟರೆ ಎಲ್ಲವನ್ನೂ ತೆಗೆದುಕೊಳ್ಳುತ್ತದೆ.

ಹೊಸದರಲ್ಲಿ ಪತ್ರಗಳ ಕೊಂಡಿಗಳು ಬೇರೆ. ಹಳೆಯ ಕೊಂಡಿಗಳು ಮುರಿಯದಿರಲು ಹಳೆಯ ಪತ್ರಸಂಗ್ರಹದ (ಪೈಪರ್‌ಮೇಲ್) ಪುಟಗಳನ್ನು ಅದೇ ವಿಳಾಸದಲ್ಲಿ ಬರಿಯ ಎಚ್‌ಟಿಎಂಎಲ್ ಆಗಿ ಉಳಿಸಿಕೊಳ್ಳಿ. ಖರ್ಚಿಲ್ಲದ ಕೆಲಸ, ಆದರೂ ಹೆಚ್ಚಿನವರು ಮಾಡುವುದಿಲ್ಲ. ಆದರೆ 'ಪ್ರೈವೇಟ್' ಫೋಲ್ಡರ್ ಅನ್ನು ಇಡಿಯಾಗಿ ವೆಬ್ ಸರ್ವರ್‌ಗೆ ಒಪ್ಪಿಸಬೇಡಿ. ಬಹಿರಂಗ ಲಿಸ್ಟ್‌ಗಳ ಪುಟಗಳೂ ಅಲ್ಲೇ ಇರುತ್ತವೆ, ಗುಪ್ತ ಲಿಸ್ಟ್‌ಗಳವೂ ಅಲ್ಲೇ. ಪಾಸ್‌ವರ್ಡ್ ಕೇಳುತ್ತಿದ್ದದ್ದು ಹಳೆಯ ಮೇಲ್‌ಮ್ಯಾನ್. ಅದು ಹೋದ ಮೇಲೆ ಕಾಯುವವರಿಲ್ಲ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ನಮ್ಮದು 1 ಜಿಬಿ ರ‍್ಯಾಮ್‌ನ ಸರ್ವರ್. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಸಾಕಾಗುತ್ತದೆಯೇ?

ಉತ್ತರ: ಪರೀಕ್ಷೆಗೆ ಸಾಕು, ನಿತ್ಯದ ಬಳಕೆಗೆ ಬೇಡ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸಿ, ರ‍್ಯಾಮ್ 2 ಜಿಬಿಗೆ ಏರಿಸಿ; ಹೊಸದರಲ್ಲಿ ಸದಾ ಓಡುವ ಪ್ರಕ್ರಿಯೆಗಳು ಜಾಸ್ತಿ. ಮೈಎಸ್‌ಕ್ಯೂಎಲ್ ಆದರೆ ಅಕ್ಷರಗಳ ಸಂಕೇತಪದ್ಧತಿ ಯುಟಿಎಫ್8ಎಂಬಿ4 ಇರಲೇಬೇಕು. ಕನ್ನಡ ಅಕ್ಷರಗಳಿಗೆ ಮೂರು ಬೈಟ್ ಸಾಕು, ಹಳೆಯ ಯುಟಿಎಫ್8ರಲ್ಲೂ ಕೂರುತ್ತವೆ. ಎಮೋಜಿಗೆ ನಾಲ್ಕು ಬೇಕು, ಎಡವುವುದು ಅಲ್ಲೇ.

ಪ್ರಶ್ನೆ (ಮೊದಲ ಸದಸ್ಯರು): ಮೇಡಂ, ಪ್ರಯೋಗದ ಲಿಸ್ಟ್ ಸಾಗಿಸಿದೆ. ಪತ್ರ ಕಳಿಸಿದರೆ ಇಮೇಲ್ ಸರ್ವರ್ ತಂತ್ರಾಂಶ ಪೋಸ್ಟ್‌ಫಿಕ್ಸ್ 'ಇಂಥ ಬಳಕೆದಾರರಿಲ್ಲ' ಎಂದು ತಿರುಗಿಸುತ್ತಿದೆ. ಇನ್ನೊಂದು, 2003ರ ಕನ್ನಡ ಪತ್ರಗಳೆಲ್ಲ ಅರ್ಥವಾಗದ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತಿವೆ. ಇಂಪೋರ್ಟ್ ಕೆಟ್ಟಿತೇ?

ಉತ್ತರ: ಕೆಟ್ಟಿಲ್ಲ. ಆ ಪತ್ರಗಳನ್ನು ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಬರೆದಿರಬೇಕು. ಹಳೆಯ ಪುಟದಲ್ಲೂ ಹಾಗೆಯೇ ಕಾಣುತ್ತವೆ, ನೋಡಿ. ಎಂಬಾಕ್ಸ್‌ನ ಒಂದು ನಕಲಿನಲ್ಲಿ ಆ ಪತ್ರಗಳನ್ನಷ್ಟೇ ಯೂನಿಕೋಡ್‌ಗೆ ಪರಿವರ್ತಿಸಬಹುದು. ಮೂಲ ಕಡತವನ್ನು ಮಾತ್ರ ತಿದ್ದಬೇಡಿ.

ಪೋಸ್ಟ್‌ಫಿಕ್ಸ್ ಕಥೆ ಬೇರೆ. ಹಳೆಯ ಮೇಲ್‌ಮ್ಯಾನ್ ಏಲಿಯಾಸ್ (ವಿಳಾಸಗಳ ಪಟ್ಟಿ) ಕಡತದ ಪೈಪ್ ಮೂಲಕ ಪತ್ರ ಪಡೆಯುತ್ತಿತ್ತು, ಹೊಸದು ಎಲ್‌ಎಂಟಿಪಿ ಎಂಬ ಪತ್ರ ತಲುಪಿಸುವ ವಿಧಾನದಲ್ಲಿ 8024ನೇ ಪೋರ್ಟ್‌ನಿಂದ ಪಡೆಯುತ್ತದೆ. ಮೇಲ್‌ಮ್ಯಾನ್ ತಾನೇ ಬರೆದಿಡುವ ಪೋಸ್ಟ್‌ಫಿಕ್ಸ್_ಎಲ್‌ಎಂಟಿಪಿ ನಕ್ಷೆಯನ್ನು ಪೋಸ್ಟ್‌ಫಿಕ್ಸ್‌ನ ಟ್ರಾನ್ಸ್‌ಪೋರ್ಟ್ ಮ್ಯಾಪ್ಸ್‌ಗೆ (ಪತ್ರ ಎಲ್ಲಿಗೆ ಹೋಗಬೇಕೆಂಬ ಪಟ್ಟಿ) ಸೇರಿಸಿರುತ್ತೀರಿ, ಲೋಕಲ್ ರಿಸಿಪಿಯೆಂಟ್ ಮ್ಯಾಪ್ಸ್‌ಗೆ (ಯಾವ ವಿಳಾಸಗಳು ಇವೆ ಎಂಬ ಪಟ್ಟಿ) ಮರೆತಿರುತ್ತೀರಿ. ಎರಡರಲ್ಲೂ ಬೇಕು.

ಐಪಿ ವಿಳಾಸ ಹೊಸದಾದ್ದರಿಂದ ಪತ್ರ ನಿಜವಾಗಿ ನಿಮ್ಮ ಸರ್ವರ್‌ನದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ರಿವರ್ಸ್ ಡಿಎನ್‌ಎಸ್ ಮೂರನ್ನೂ ಮೊದಲೇ ಸಿದ್ಧಮಾಡಿ; 2024ರಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ. ಕೊನೆಯ ದಿನ ಹಳೆಯ ಸರ್ವರ್‌ಗೆ ಪತ್ರ ಬರುವ 25ನೇ ಪೋರ್ಟ್ ಮುಚ್ಚಿ, ಅಂತಿಮ ಎಂಬಾಕ್ಸ್ ಪ್ರತಿ ತೆಗೆದು ಇಂಪೋರ್ಟ್ ಮಾಡಿ, ಆಮೇಲೆ ಪತ್ರ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಬದಲಿಸಿ. ಕಳಿಸುವ ಸರ್ವರ್‌ಗಳು ಮತ್ತೆ ಮತ್ತೆ ಯತ್ನಿಸುವುದರಿಂದ ಕೆಲವು ಗಂಟೆ ಮುಚ್ಚಿದರೂ ಪತ್ರ ಕಳೆಯುವುದಿಲ್ಲ.