ಸಹಾಯ ಬೇಕು: ಕ್ರಿಸ್‌ಮಸ್ ರಜೆಯಲ್ಲಿ ಬಾಸೆಲ್‌ನಲ್ಲಿ ಎರಡು ವಾರ

ಎಲ್ಲರಿಗೂ ನಮಸ್ಕಾರ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ತಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಮಿಷನ್ನಿನ ಹಳೆಯ ಪತ್ರಗಳಿರುವುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ದಾಖಲಾಗಾರದ ಕೆಲಸ ಜನವರಿಯಲ್ಲಿ. ಊರು ನೋಡುವ ಆಸೆಗೆ ಡಿಸೆಂಬರ್ 23ಕ್ಕೇ ಇಳಿಯುತ್ತಿದ್ದೇನೆ. 25, 26 ಎರಡೂ ದಿನ ಅಂಗಡಿಗಳಿಗೆ ರಜೆ ಎಂಬುದು ಟಿಕೆಟ್ಟಿಗೆ ದುಡ್ಡು ಕಟ್ಟಿದ ಮೇಲೆ ತಿಳಿಯಿತು!

ನಾನು ಸಸ್ಯಾಹಾರಿ. ಅಮ್ಮ ಪುಳಿಯೋಗರೆ ಗೊಜ್ಜು ಕಟ್ಟಿಕೊಡುತ್ತಾರೆ, ಕಲಸಲು ಅನ್ನವೆಲ್ಲಿ? ಕೋಣೆಯಲ್ಲಿರುವುದು ನೀರು ಕಾಯಿಸುವ ಕೆಟಲ್ ಒಂದೇ. ಆ ಎರಡು ದಿನ ರೈಲು ನಿಲ್ದಾಣದ ಅಂಗಡಿಗಳನ್ನು ನಂಬಬಹುದೇ?

ದಪ್ಪ ಕೋಟೊಂದನ್ನು ಯಾರಾದರೂ ಎರವಲು ಕೊಟ್ಟರೆ ದೊಡ್ಡ ಉಪಕಾರ. ನನ್ನಲ್ಲಿರುವುದು ಮಡಿಕೇರಿಯ ಚಳಿಗೆ ಕೊಂಡ ಸ್ವೆಟರ್.

ಇವೆಲ್ಲಕ್ಕಿಂತ ಮುಖ್ಯವಾದದ್ದು ಬೇರೆ. ಪಾದ್ರಿಗಳ ಪತ್ರಗಳು ‘ಕುರೆಂಟ್’ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿವೆ. ಅಚ್ಚಾದ ಜರ್ಮನ್ ಓದಬಲ್ಲೆ. ಆದರೆ ಈ ಕೈಬರಹದಲ್ಲಿ ‘ಇ’ ಅಕ್ಷರವೂ ‘ಎನ್’ನಂತೆಯೇ ಕಾಣುತ್ತದೆ. ಒಂದು ಸಾಲಿಗೆ ಅರ್ಧ ಗಂಟೆ ಕಣ್ಣು ಕಿರಿದು ಮಾಡಿ ಕುಳಿತು ಕೊನೆಗೆ ಸಿಕ್ಕಿದ್ದು ‘ಮಂಗಳೂರು’ ಎಂಬ ಪದ ಮಾತ್ರ. ಅಲ್ಲಿರುವ ಕನ್ನಡಿಗರ ನೆರೆಯಲ್ಲಿ ಇದನ್ನು ಓದಬಲ್ಲ ಹಿರಿಯರಿದ್ದರೆ ದಯವಿಟ್ಟು ತಿಳಿಸಿ. ಒಂದು ಸಂಜೆ ಜೊತೆ ಕುಳಿತು ಎರಡು ಪುಟ ಓದಿಸಿದರೆ ಸಾಕು. ಮಂಗಳೂರಿನ ಗೋಡಂಬಿ ತರುತ್ತೇನೆ.