ಪೋರ್ಷೆ 919 ಹೈಬ್ರಿಡ್: ಎರಡೇ ಲೀಟರ್ ಎಂಜಿನ್, ಮೂರು ಲೆ ಮಾನ್ಸ್. ಲೆಕ್ಕ ಹೇಗೆ ಕೂಡುತ್ತೆ?

ಹೇರ್‌ಪಿನ್_ಎಡ:

2014ರಲ್ಲಿ ಎಲ್‌ಎಂಪಿ1 (ದೀರ್ಘ ಓಟದ ರೇಸುಗಳ ಅತಿ ವೇಗದ ವರ್ಗ) ನಿಯಮ ಬದಲಾದಾಗ ಆಡಿ ನಾಲ್ಕು ಲೀಟರ್ ಡೀಸೆಲ್ ವಿ6 ಇಟ್ಟುಕೊಂಡಿತು, ಟೊಯೋಟ 3.7 ಲೀಟರ್ ವಿ8. ಪೋರ್ಷೆ ಮಾತ್ರ ಎರಡು ಲೀಟರಿನ ವಿ4 ಟರ್ಬೊ ಹಿಡಿದುಕೊಂಡು ಬಂತು. ಆಮೇಲೆ 2015, 2016, 2017 ಮೂರೂ ವರ್ಷ ಫ್ರಾನ್ಸಿನ 24 ಗಂಟೆಯ ಲೆ ಮಾನ್ಸ್ ರೇಸ್ ಗೆದ್ದು, ಮೂರೂ ವರ್ಷ ವಿಶ್ವ ಚಾಂಪಿಯನ್‌ಶಿಪ್ಪನ್ನೂ ಕೊಂಡೊಯ್ದಿತು.

ನನಗೆ ಅರ್ಥವಾಗದ್ದು ಇಷ್ಟು. ನಾಲ್ಕೇ ಸಿಲಿಂಡರ್ ಸಾಕು ಅಂದಮೇಲೆ ಸಾಲಾಗಿ ನಿಲ್ಲಿಸುವುದು ಬಿಟ್ಟು ವಿ ಆಕಾರ ಯಾಕೆ? ಹೈಬ್ರಿಡ್ ಮೋಟರಿಗೆ ಒಂದು ಸುತ್ತಿಗೆ 8 ಮೆಗಾಜೂಲ್ ಶಕ್ತಿ ಅಂತಾರೆ, ಅದನ್ನು 3.6ರಿಂದ ಭಾಗಿಸಿದರೆ ಬರೋದು 2.2 ಯೂನಿಟ್ ಕರೆಂಟು. ಅಷ್ಟರಿಂದ ಏನು ಮಹಾ ಆಗುತ್ತೆ? ಎಕ್ಸಾಸ್ಟ್‌ನಲ್ಲಿ ಇನ್ನೊಂದು ಜನರೇಟರ್ ಇತ್ತಂತೆ, ಅದು ಎಫ್1 ಕಾರುಗಳಲ್ಲಿ 2025ರವರೆಗೆ ಇದ್ದದ್ದೇನಾ? ಕೊನೆಯದು ಸ್ವಲ್ಪ ತರಲೆ ಪ್ರಶ್ನೆ: 2016 ಮತ್ತು 2017ರ ಗೆಲುವು ಕಾರಿನದ್ದೋ, ಅದೃಷ್ಟದ್ದೋ?

ಕ್ರ್ಯಾಂಕ್‌ಕೇಸ್:

ಎಂಜಿನ್ ಮಾತು ಮೊದಲು ಮುಗಿಸೋಣ. ಇಂಥ ಕಾರುಗಳಲ್ಲಿ ಎಂಜಿನ್ನನ್ನು ಚಾಸಿಯೊಳಗೆ ಕೂರಿಸುವುದಿಲ್ಲ, ಎಂಜಿನ್ನೇ ಚಾಸಿಯ ಒಂದು ಭಾಗ. ಮುಂದೆ ಡ್ರೈವರ್ ಕೂರುವ ಕಾರ್ಬನ್ ಟಬ್, ಅದರ ಬೆನ್ನಿಗೆ ಎಂಜಿನ್, ಅದಕ್ಕೆ ಗೇರ್‌ಬಾಕ್ಸ್, ಗೇರ್‌ಬಾಕ್ಸ್‌ಗೆ ಹಿಂದಿನ ಸಸ್ಪೆನ್ಷನ್. ಹಿಂದಿನ ಚಕ್ರದ ಭಾರವೆಲ್ಲ ಎಂಜಿನ್ ಬ್ಲಾಕಿನ ಮೂಲಕವೇ ಟಬ್‌ಗೆ ಹೋಗಬೇಕು. ಸಾಲು ನಾಲ್ಕರ ಬ್ಲಾಕ್ ಉದ್ದ, ಎತ್ತರ, ತೆಳು. ತಿರುಚಿದರೆ ಬಳುಕುತ್ತೆ. 90 ಡಿಗ್ರಿ ವಿ4 ಗಿಡ್ಡವಾಗಿ ಅಗಲವಾಗಿರುತ್ತೆ, ಕ್ರ್ಯಾಂಕ್‌ಶಾಫ್ಟ್ ಕೂಡ ಚಿಕ್ಕದು, ಭಾರ ಕೆಳಗೆ ಕೂರುತ್ತೆ, ಸಿಲಿಂಡರಿನ ಎರಡು ಸಾಲುಗಳ ನಡುವಿನ ಜಾಗದಲ್ಲಿ ಟರ್ಬೊ ಹಿಡಿಯುತ್ತೆ. ಸಿಲಿಂಡರ್ ಕಡಿಮೆಯಾದಷ್ಟು ಘರ್ಷಣೆಯೂ ಕಡಿಮೆ. ಇಂಧನಕ್ಕೆ ಮಿತಿ ಹಾಕಿರುವ ನಿಯಮದಲ್ಲಿ ಘರ್ಷಣೆಗೆ ಹೋದ ಪ್ರತಿ ಗ್ರಾಂ ಪೆಟ್ರೋಲೂ ನಷ್ಟವೇ.

ಆದರೆ ಇದೇ ವಿನ್ಯಾಸ ಶುರುವಿನಲ್ಲಿ ಕೈಕೊಟ್ಟಿತು. 2013ರ ಜೂನ್‌ನಲ್ಲಿ ಪೋರ್ಷೆಯ ಪರೀಕ್ಷಾ ಕೇಂದ್ರ ವೈಸಾಖ್‌ನಲ್ಲಿ ಕಾರು ಮೊದಲ ಸಲ ಓಡಿದಾಗ ವಿ4ರ ಕಂಪನ ವಿಪರೀತ. ಎಂಜಿನ್ನಿಗೂ ಟಬ್‌ಗೂ ನಡುವೆ ರಬ್ಬರ್ ಮೌಂಟಿಂಗ್ ಇರುವ ಕಾರಲ್ಲ ಇದು, ಬೋಲ್ಟ್ ಹಾಕಿ ಬಿಗಿದದ್ದು. ಅಲ್ಲಿ ಹುಟ್ಟಿದ ನಡುಕ ಸೀದಾ ಕನೆಕ್ಟರು, ಸೆನ್ಸರು, ಪೈಪುಗಳಿಗೆ ಹೋಗುತ್ತೆ, ಡ್ರೈವರನ ಕಣ್ಣಿಗೂ ಹೋಗುತ್ತೆ. ಕೊನೆಗೆ ಕ್ರ್ಯಾಂಕ್‌ಶಾಫ್ಟನ್ನೇ ಮರುವಿನ್ಯಾಸ ಮಾಡಿ, ಫೈರಿಂಗ್ ಆರ್ಡರ್ (ಸಿಲಿಂಡರುಗಳು ಸಿಡಿಯುವ ಸರದಿ) ಬದಲಿಸಬೇಕಾಯಿತು. ಡ್ಯಾಂಪರ್ ಸೇರಿಸಿ ತೇಪೆ ಹಾಕುವ ಬದಲು ಮೂಲಕ್ಕೇ ಕೈಹಾಕಿದ್ದು ಸರಿಯಾದ ನಿರ್ಧಾರ. ಅದಿಲ್ಲದಿದ್ದರೆ 24 ಗಂಟೆಯ ಮಾತು ಹಾಗಿರಲಿ, ಆರು ಗಂಟೆಯ ರೇಸೂ ಮುಗಿಯುತ್ತಿರಲಿಲ್ಲ.

ಎಂಟು_ಮೆಗಾಜೂಲ್:

2.2 ಯೂನಿಟ್ ಅನ್ನೋದು ಸರಿ. ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟು ಯೂನಿಟ್ ಅಂತಲ್ಲ, ಎಷ್ಟು ಬೇಗ ಅಂತ.

ಮುಂದಿನ ಆಕ್ಸಲ್ಲಿನ ಮೋಟರ್ ಸುಮಾರು 400 ಅಶ್ವಶಕ್ತಿ, ಅಂದರೆ ಹತ್ತಿರಹತ್ತಿರ 300 ಕಿಲೋವ್ಯಾಟ್. 8 ಮೆಗಾಜೂಲನ್ನು ಆ ವೇಗದಲ್ಲಿ ಖರ್ಚು ಮಾಡಿದರೆ 27 ಸೆಕೆಂಡು ಬರುತ್ತೆ. ಮೂರು ನಿಮಿಷ ಚಿಲ್ಲರೆಯ ಸುತ್ತಿನಲ್ಲಿ 27 ಸೆಕೆಂಡು ಕಾರಿನ ಶಕ್ತಿ ಎರಡು ಪಟ್ಟಿಗೆ ಹತ್ತಿರ! ಅದನ್ನು ತಿರುವಿನಿಂದ ಹೊರಬರುವಾಗ, ನಾಲ್ಕೂ ಚಕ್ರಕ್ಕೆ ಹಿಡಿತ ಬೇಕಾದಾಗ ಸುರಿಯುತ್ತಾರೆ. ನೇರ ರಸ್ತೆಯ ತುದಿಯಲ್ಲಿ ಸುರಿದರೆ ಗಾಳಿ ತಿಂದುಹಾಕುತ್ತೆ.

ಈಗ ತುಂಬಿಸುವ ಕಡೆ ನೋಡಿ. ಡ್ರೈವರ್, ಇಂಧನ ಸೇರಿ ಕಾರು ಸುಮಾರು 1000 ಕಿಲೋ ಅಂದುಕೊಳ್ಳಿ. 330 ಕಿ.ಮೀ. ವೇಗದಿಂದ 100ಕ್ಕೆ ಇಳಿಯುವಾಗ ಬಿಡುಗಡೆಯಾಗುವ ಚಲನಶಕ್ತಿ ಸುಮಾರು 3.8 ಮೆಗಾಜೂಲ್. ಆದರೆ ಆ ಬ್ರೇಕಿಂಗ್ ಎರಡೂವರೆ ಸೆಕೆಂಡಿನಲ್ಲಿ ಮುಗಿದುಹೋಗುತ್ತೆ. 300 ಕಿಲೋವ್ಯಾಟಿನ ಮೋಟರ್ ಎರಡೂವರೆ ಸೆಕೆಂಡಿನಲ್ಲಿ ಬಾಚಿಕೊಳ್ಳಬಲ್ಲದ್ದು 0.75 ಮೆಗಾಜೂಲ್ ಅಷ್ಟೇ. ಮಿಕ್ಕದ್ದು ಡಿಸ್ಕ್ ಬಿಸಿಗೂ ಗಾಳಿಗೂ ಹೋಯಿತು. ಅದಕ್ಕೇ ಬ್ಯಾಟರಿ ದೊಡ್ಡದು ಮಾಡಿದರೆ ಪ್ರಯೋಜನವಿಲ್ಲ, ತೂಕ ಮಾತ್ರ ಏರುತ್ತೆ. ಬೇಕಿರೋದು ಬಿಂದಿಗೆಯ ಗಾತ್ರವಲ್ಲ, ಬಾಯಿಯ ಅಗಲ. ಈ ಕಾರಣಕ್ಕೇ ಟೊಯೋಟ ಮೊದಲು ಸೂಪರ್ ಕೆಪಾಸಿಟರ್, ಆಡಿ ಫ್ಲೈವೀಲ್ ಇಟ್ಟುಕೊಂಡಿದ್ದವು. ಪೋರ್ಷೆ ಮೊದಲಿಂದಲೂ ದ್ರವದಿಂದ ತಂಪಾಗುವ ಲಿಥಿಯಂ ಅಯಾನ್ ಬ್ಯಾಟರಿ ನಂಬಿತು. 2016ರ ಹೊತ್ತಿಗೆ ಉಳಿದಿಬ್ಬರೂ ಬ್ಯಾಟರಿಗೇ ಬಂದರು.

800 ವೋಲ್ಟ್ ಆರಿಸಿದ್ದೂ ಇದೇ ಲೆಕ್ಕದಲ್ಲಿ. 300 ಕಿಲೋವ್ಯಾಟನ್ನು 400 ವೋಲ್ಟಿನಲ್ಲಿ ಸಾಗಿಸಿದರೆ 750 ಆಂಪಿಯರ್, 800ರಲ್ಲಿ 375. ಅದೇ ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಈ 800 ವೋಲ್ಟ್ ಆಮೇಲೆ ರಸ್ತೆಗೆ ಬಂದ ಪೋರ್ಷೆಯ ಎಲೆಕ್ಟ್ರಿಕ್ ಕಾರು ಟೈಕಾನ್‌ಗೂ ಹೋಯಿತು.

ಎಕ್ಸಾಸ್ಟ್ ಜನರೇಟರ್ ಎಫ್1ನದ್ದೇ ತರಹ ಅಲ್ಲವೇ ಅಂದರೆ, ಹೌದು, ಟರ್ಬೊ ಶಾಫ್ಟಿಗೇ ಜನರೇಟರ್ ಸಿಕ್ಕಿಸಿರುತ್ತಾರೆ.

ಕ್ರ್ಯಾಂಕ್‌ಕೇಸ್:

ಕೊನೆಯ ಸಾಲು ತಪ್ಪು. ಟರ್ಬೊ ಶಾಫ್ಟಿಗೆ ಸಿಕ್ಕಿಸ್ತಿದ್ದದ್ದು ಎಫ್1 ವಿಧಾನ. 919ರಲ್ಲಿ ಜನರೇಟರಿಗೆ ತನ್ನದೇ ಬೇರೆ ಟರ್ಬೈನ್, ಟರ್ಬೊಗೆ ಸಮಾನಾಂತರವಾಗಿ. ಮಾಮೂಲಿ ಟರ್ಬೊ ಎಂಜಿನ್ನಿನಲ್ಲಿ ಬೇಕಾದ ಒತ್ತಡ ಬಂದಮೇಲೆ ಹೆಚ್ಚಾದ ಅನಿಲವನ್ನು ವೇಸ್ಟ್‌ಗೇಟ್ ತೆರೆದು ಹೊರಗೆ ಬಿಡ್ತಾರಲ್ಲ, ಹಾಗೆ ವ್ಯರ್ಥವಾಗುವ ಅನಿಲ ಇಲ್ಲಿ ಎರಡನೇ ಟರ್ಬೈನಿಗೆ ಹೋಗುತ್ತೆ. ಅನಿಲ ಕಮ್ಮಿ ಇದ್ದಾಗಲೂ ತಿರುಗುವಂತೆ ಅದರ ಬ್ಲೇಡುಗಳ ಕೋನ ಬದಲಾಗುತ್ತೆ. ನಿಮಿಷಕ್ಕೆ 1,20,000 ಸುತ್ತಿನ ಆಸುಪಾಸು.

ಪುಕ್ಕಟೆ ಅಂತ ತಿಳಿಯಬೇಡಿ, ಎಕ್ಸಾಸ್ಟಿಗೆ ಅಡ್ಡ ನಿಂತರೆ ಎಂಜಿನ್ನಿಗೆ ಹಿಂದೊತ್ತಡ ಬಂದೇ ಬರುತ್ತೆ. ಬ್ಲೇಡಿನ ಕೋನದ ಮ್ಯಾಪಿಂಗ್ ಪೂರ್ತಿ ಈ ಜಗ್ಗಾಟದ್ದೇ.

ಎಂಟು_ಮೆಗಾಜೂಲ್:

ಒಪ್ಪಿದೆ, ತಿದ್ದಿದ್ದಕ್ಕೆ ಥ್ಯಾಂಕ್ಸ್. ಮರಳಿ ಪಡೆದ ಶಕ್ತಿಯಲ್ಲಿ ಸುಮಾರು 60 ಪ್ರತಿಶತ ಮುಂದಿನ ಬ್ರೇಕಿನಿಂದ, 40 ಪ್ರತಿಶತ ಎಕ್ಸಾಸ್ಟಿನಿಂದ ಅಂತ ಪೋರ್ಷೆ ಹೇಳಿತ್ತು. ನಷ್ಟ ಬಿಟ್ಟು ನೋಡಿದರೆ 8ರಲ್ಲಿ 4.8 ಬ್ರೇಕಿಂದು, ತಲಾ 0.75ರಂತೆ ಆರೇಳು ಜೋರು ಬ್ರೇಕಿಂಗ್ ಬೇಕು. ಲೆ ಮಾನ್ಸ್ ಸುತ್ತಿನಲ್ಲಿ ಜೋರಾಗಿ ಬ್ರೇಕ್ ಹಿಡಿಯುವ ಜಾಗ ಇರೋದೇ ಹೆಚ್ಚುಕಮ್ಮಿ ಅಷ್ಟು. ಅಂದರೆ ಬ್ರೇಕೊಂದನ್ನೇ ನಂಬಿದ್ದರೆ 8ರ ಮಿತಿ ಮುಟ್ಟೋದು ಕಷ್ಟ. ಉಳಿದ 3.2 ಮೆಗಾಜೂಲನ್ನು ಆಕ್ಸಲರೇಟರ್ ಪೂರ್ತಿ ಒತ್ತಿದ ಎರಡು ಕಾಲು ನಿಮಿಷಕ್ಕೆ ಹಂಚಿದರೆ ಸರಾಸರಿ ಸುಮಾರು 24 ಕಿಲೋವ್ಯಾಟ್. ಸಣ್ಣ ಧಾರೆ, ಆದರೆ ನಿಲ್ಲದ ಧಾರೆ. ಬ್ರೇಕ್ ಹಿಡಿದಾಗಲೂ ವೇಗ ಏರುವಾಗಲೂ ಶಕ್ತಿ ಕೂಡಿಡುವ ಕಾರು ಆ ಸಾಲಿನಲ್ಲಿ ಇದೊಂದೇ ಇತ್ತು. 2014ರಲ್ಲಿ 6 ಮೆಗಾಜೂಲ್ ವರ್ಗದಲ್ಲಿದ್ದದ್ದು 2015ಕ್ಕೆ ಎಲ್ಲರಿಗಿಂತ ಮೊದಲು 8ಕ್ಕೆ ಹೋದದ್ದು ಹಾಗೆ. ನನ್ನ ಪ್ರಕಾರ ಆ ಕಾರಿನ ಜೀವಾಳ ಇದೇ, ವಿ4 ಅಲ್ಲ.

ಸ್ಟಿಂಟ್_ಪುಸ್ತಕ:

ಅದೃಷ್ಟದ ಪ್ರಶ್ನೆಗೆ ಬರ್ತೀನಿ. 2015ರ ಬಗ್ಗೆ ತಕರಾರೇ ಬೇಡ. ಪೋರ್ಷೆಯ ನೀಲ್ ಯಾನಿ 3:16.887ರಲ್ಲಿ ಪೋಲ್ (ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗ), ರೇಸಿನಲ್ಲಿ ಮೊದಲೆರಡು ಸ್ಥಾನ. ಗೆದ್ದದ್ದು ಹುಲ್ಕೆನ್‌ಬರ್ಗ್, ಬ್ಯಾಂಬರ್, ಟ್ಯಾಂಡಿ ಇದ್ದ 19ನೇ ನಂಬರಿನ ಕಾರು, 395 ಸುತ್ತು. ಇಡೀ ಸೀಸನ್ ಓಡಿದ್ದು 17 ಮತ್ತು 18. ಈ 19 ಬೆಲ್ಜಿಯಂನ ಸ್ಪಾ ಮತ್ತು ಲೆ ಮಾನ್ಸ್‌ಗೆ ಮಾತ್ರ ತಂದ ಮೂರನೇ ಕಾರು.

2016 ಬೇರೆಯೇ ಕಥೆ. ಗಡಿಯಾರದಲ್ಲಿ ಮೂರು ನಿಮಿಷ ಉಳಿದಿದ್ದಾಗ ಮುಂದಿದ್ದ 5ನೇ ನಂಬರಿನ ಟೊಯೋಟ ಶಕ್ತಿ ಕಳೆದುಕೊಂಡಿತು. ಟರ್ಬೊಗೂ ಇಂಟರ್‌ಕೂಲರಿಗೂ ನಡುವಿನ ಗಾಳಿಯ ಪೈಪಿನ ಒಂದು ಜೋಡಣೆ ಬಿಟ್ಟುಕೊಂಡಿತ್ತು. ಕೊನೆಯ ಸುತ್ತಿಗೆ ಹನ್ನೊಂದು ನಿಮಿಷ ದಾಟಿದ್ದರಿಂದ, ಕೊನೆಯ ಸುತ್ತನ್ನು ಆರು ನಿಮಿಷದೊಳಗೆ ಮುಗಿಸಬೇಕೆಂಬ ನಿಯಮದಡಿ ಎರಡನೇ ಸ್ಥಾನವೂ ಸಿಗಲಿಲ್ಲ. ಮೆಗಾಜೂಲ್ ಲೆಕ್ಕವೆಲ್ಲ ಒಂದು ಕಡೆ, ಪೈಪ್ ಜೋಡಣೆ ಒಂದು ಕಡೆ. ಹಾಗೆ ಗೆದ್ದ ಪೋರ್ಷೆಯ 2ನೇ ನಂಬರ್ ಆ ಲೆ ಮಾನ್ಸ್ ನಂತರ ಆ ವರ್ಷ ಒಂದು ಪೋಡಿಯಂ ಕೂಡ ಕಾಣದೆ ಡ್ರೈವರ್ ಚಾಂಪಿಯನ್‌ಶಿಪ್ ಗೆದ್ದಿತು. ಲೆ ಮಾನ್ಸ್‌ನ ಇಮ್ಮಡಿ ಅಂಕ ಅಷ್ಟು ದೂರ ಎಳೆಯುತ್ತೆ. ಅದಕ್ಕೂ ಮುಂಚೆ ಸ್ಪಾದಲ್ಲಿ ಅದೇ ಕಾರು ಹೈಬ್ರಿಡ್ ಕೆಟ್ಟು, ರೇಸಿನ ಬಹುಪಾಲು ಬರೀ ಎಂಜಿನ್ನಿನಲ್ಲಿ ಓಡಿ ಎರಡನೆಯದಾಗಿ ಮುಗಿಸಿತ್ತು.

2017ರಲ್ಲಿ ರೇಸಿನ ಸಂಖ್ಯೆ ನೋಡಿದರೆ ಟೊಯೋಟ ಐದು ಗೆದ್ದಿತು, ಪೋರ್ಷೆ ನಾಲ್ಕು. ಆದರೂ ಪಟ್ಟ ಪೋರ್ಷೆಗೆ. ಲೆ ಮಾನ್ಸ್‌ನಲ್ಲಿ 2ನೇ ನಂಬರಿನ ಮುಂದಿನ ಮೋಟರ್ ನಾಲ್ಕನೇ ಗಂಟೆಯಲ್ಲೇ ಕೆಟ್ಟಿತು. ಬದಲಿಸಲು 65 ನಿಮಿಷ, ಹೊರಬಂದಾಗ 56ನೇ ಸ್ಥಾನ. ರಾತ್ರಿ ಟೊಯೋಟಗಳು ಒಂದೊಂದಾಗಿ ಪೈಪೋಟಿಯಿಂದ ಉದುರಿದವು. ಮುಂದಿದ್ದ 7ನೇ ನಂಬರಿನ ಕ್ಲಚ್ ಸುಟ್ಟದ್ದು ಯಾಕೆ ಅಂದರೆ, ಆ ಕಾರು ನಿಂತಲ್ಲಿಂದ ಹೊರಡೋದು ಕರೆಂಟಿನಲ್ಲಿ. ಪಿಟ್ ತುದಿಯಲ್ಲಿ ಗೊಂದಲವಾಗಿ ನಿಂತು ಹೊರಡುವಾಗ ಎಂಜಿನ್ನಿನ ಬಲ ಕ್ಲಚ್ ಮೇಲೆ ಬಿತ್ತು, ಅದು ಆ ಕೆಲಸಕ್ಕೆ ಮಾಡಿದ್ದಲ್ಲ. ಆಮೇಲೆ 13 ಸುತ್ತು ಮುಂದಿದ್ದ ಪೋರ್ಷೆಯ 1ನೇ ನಂಬರ್ ಕೂಡ ಸುಮಾರು ನಾಲ್ಕು ಗಂಟೆ ಬಾಕಿ ಇದ್ದಾಗ ಆಯಿಲ್ ಒತ್ತಡ ಕಳೆದುಕೊಂಡು ನಿಂತಿತು. ಮುಂದೆ ಉಳಿದದ್ದು ಕೆಳಗಿನ ವರ್ಗದ ಎಲ್‌ಎಂಪಿ2 ಕಾರು! 2ನೇ ನಂಬರಿನಲ್ಲಿದ್ದ ಬರ್ನ್‌ಹಾರ್ಡ್, ಹಾರ್ಟ್‌ಲಿ, ಬ್ಯಾಂಬರ್ ಅದನ್ನು ಹಿಡಿದು 367 ಸುತ್ತಿಗೆ ಗೆದ್ದರು, ಅಂತರ ಒಂದೇ ಸುತ್ತು.

ಅದೃಷ್ಟ ಅನ್ನಿ ಬೇಕಾದರೆ. ನಾಲ್ಕು ವರ್ಷದಲ್ಲಿ 34 ರೇಸು, 17 ಗೆಲುವು. ಅಷ್ಟೂ ಅದೃಷ್ಟವೇ ಅನ್ನೋಕೆ ನಾನು ತಯಾರಿಲ್ಲ.

ಹೇರ್‌ಪಿನ್_ಎಡ:

ಮುಂದಿನ ಮೋಟರ್ ಕೆಟ್ಟರೆ ಬೂಸ್ಟ್ ಹೋಗುತ್ತೆ, ಸರಿ. ಹಾಗೇ ಓಡಿಸಿಕೊಂಡು ಹೋಗಬಹುದಿತ್ತಲ್ಲ, ಸ್ಪಾದಲ್ಲಿ ಮಾಡಿದ ಹಾಗೆ? ಒಂದು ಗಂಟೆ ಗ್ಯಾರೇಜಿನಲ್ಲಿ ಯಾಕೆ ನಿಲ್ಲಿಸಿದರು?

ಎಂಟು_ಮೆಗಾಜೂಲ್:

ಸ್ಪಾದ ಆರು ಗಂಟೆಗೂ ಲೆ ಮಾನ್ಸ್‌ನ 24 ಗಂಟೆಗೂ ಇರುವ ವ್ಯತ್ಯಾಸ. ಸುತ್ತಿಗೆ ಹತ್ತು ಸೆಕೆಂಡು ಕಳೆದುಕೊಂಡರೆ ಅಂತಲೇ ಇಟ್ಟುಕೊಳ್ಳಿ, ಇನ್ನೂ 300 ಸುತ್ತು ಬಾಕಿ, 50 ನಿಮಿಷ ಹೋಯಿತು. ಮೇಲೆ ಬ್ರೇಕಿನ ಕಾಟ. ಮೋಟರ್ ಎಳೆಯುತ್ತಿದ್ದ ಪಾಲೂ ಡಿಸ್ಕ್ ಮೇಲೆ ಬೀಳುತ್ತೆ. ಹೈಬ್ರಿಡ್ ನಂಬಿ ಸಣ್ಣದಾಗಿ ಮಾಡಿದ ಡಿಸ್ಕು, ಕೂಲಿಂಗ್ ಡಕ್ಟು ಬೆಳಗಿನವರೆಗೆ ತಾಳಲ್ಲ.

ಮೋಟರ್ ಪೂರ್ತಿ ಸಾಯುವುದಕ್ಕಿಂತ ಅರ್ಧಂಬರ್ಧ ಕೆಲಸ ಮಾಡೋದು ಇನ್ನೂ ಅಪಾಯ. ಪೆಡಲ್ ಒತ್ತಿದಾಗ ಎಷ್ಟು ಪಾಲು ಮೋಟರಿನದ್ದು, ಎಷ್ಟು ಪ್ಯಾಡಿನದ್ದು ಅಂತ ಬ್ರೇಕ್-ಬೈ-ವೈರ್ ಕ್ಷಣಕ್ಷಣಕ್ಕೆ ಹಂಚುತ್ತಿರುತ್ತೆ. ಬ್ಯಾಟರಿ ತುಂಬಿದರೋ, ಬಿಸಿಯಾಗಿ ಮೋಟರ್ ಹಿಂದೆ ಸರಿದರೋ ಆ ಪಾಲನ್ನು ಪ್ಯಾಡು ತಕ್ಷಣ ಹೊರಬೇಕು. ತಡವಾದರೆ ಮುಂದಿನ ಬ್ರೇಕ್ ಸಡಿಲವಾಗಿ ಹಿಂದಿನ ಚಕ್ರ ಲಾಕ್ ಆಗುತ್ತೆ, ಅದೂ 300 ದಾಟಿದ ವೇಗದಲ್ಲಿ.

ಸ್ಟಿಂಟ್_ಪುಸ್ತಕ:

ನಿಯಮ ಇಲ್ಲದಿದ್ದರೆ ಈ ಯಂತ್ರ ಏನು ಮಾಡುತ್ತಿತ್ತು ಅಂತ ನೋಡೋಕೆ 2018ರ 919 ಇವೊ ಇದೆ. 2017ರಲ್ಲಿ ಸ್ಪಾದ ಒಂದು ಸುತ್ತಿಗೆ ಇದ್ದ ಮಿತಿ 1.784 ಕಿಲೋ ಪೆಟ್ರೋಲ್, 6.37 ಮೆಗಾಜೂಲ್ ಕರೆಂಟು. ಇಂಧನದ ಮಿತಿ ತೆಗೆದು ಸಾಫ್ಟ್‌ವೇರ್ ಬದಲಿಸಿದಾಗ, ಅದೇ ಇ20 ಇಂಧನದಲ್ಲಿ ಎಂಜಿನ್ 500ರಿಂದ 720 ಅಶ್ವಶಕ್ತಿಗೆ ಹೋಯಿತು. ಮೋಟರ್ 440, ಸುತ್ತಿಗೆ 8.49 ಮೆಗಾಜೂಲ್. ಎಸಿ, ವೈಪರ್, ದೀಪ, ಗಾಳಿ ಜ್ಯಾಕ್ ಎಲ್ಲ ಕಿತ್ತು 39 ಕಿಲೋ ಇಳಿಸಿ 849ಕ್ಕೆ ತಂದರು. ಏಪ್ರಿಲ್‌ನಲ್ಲಿ ಯಾನಿ ಸ್ಪಾದಲ್ಲಿ 1:41.770, ಜೂನ್ 29ರಂದು ಬರ್ನ್‌ಹಾರ್ಡ್ ನೂರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫ್‌ನಲ್ಲಿ 5:19.546. ಅಲ್ಲಿ 1983ರಿಂದ ಇದ್ದ ಬೆಲೋಫ್‌ನ 6:11.13 ದಾಖಲೆ ಕೂಡ ಪೋರ್ಷೆಯದ್ದೇ, 956 ಕಾರಿನದ್ದು.

ಕ್ರ್ಯಾಂಕ್‌ಕೇಸ್:

ಎಂಜಿನ್ ಒಳಗಿನ ಲೋಹಕ್ಕೆ ಕೈ ಹಚ್ಚದೆ 220 ಕುದುರೆ ಹೆಚ್ಚು ಬಂತು ಅನ್ನೋದನ್ನ ಗಮನಿಸಿ. ರೇಸಿನಲ್ಲಿ ಕಟ್ಟಿಹಾಕಿದ್ದು ಎರಡು ಲೀಟರಲ್ಲ, ಇಂಧನದ ಮೀಟರ್.